ಬಾಯಿಮಾತು ಸಾಲದು, ಹಿಂಬರಹ ಕೇಳಿ

ಪ್ರಶ್ನೆ: ಸರ್, ನಮ್ಮದು ಕುಮಟಾ ತಾಲ್ಲೂಕಿನಲ್ಲಿ ಘಟ್ಟದ ಬುಡದ ಒಂದು ಹಳ್ಳಿ. ಅಜ್ಜನ ಕಾಲದಿಂದ ಎರಡು ಎಕರೆ ಅರಣ್ಯ ಜಾಗದಲ್ಲಿ ಮನೆ, ಒಂದಿಷ್ಟು ಅಡಿಕೆ, ಗೇರು ಇದೆ. ಅರಣ್ಯ ಹಕ್ಕಿಗೆ ಅರ್ಜಿ ಕೊಟ್ಟು ಹತ್ತು ವರ್ಷದ ಮೇಲಾಯಿತು. ಕಳೆದ ತಿಂಗಳು ಗಾರ್ಡ್ ಬಂದು, 'ನಿಮ್ಮ ಅರ್ಜಿ ವಜಾ ಆಗಿದೆ, ಬೇಲಿ ತೆಗೀರಿ' ಎಂದು ಹೇಳಿ ಹೋದರು. ಅಪ್ಪ ಹೆದರಿ ಬೇಲಿ ಬಿಚ್ಚಲು ಹೊರಟಿದ್ದಾರೆ. ಅಣ್ಣ ಮೀನು ಬೋಟಿಗೆ ಹೋಗುತ್ತಾನೆ. 'ಕಾನೂನು ಅನ್ನೋದು ದೊಡ್ಡವರು ಸಣ್ಣವರಿಗೆ ಕಟ್ಟಿದ ಹಗ್ಗ. ಅದಿಲ್ಲದಿದ್ದರೇ ನಾವು ಆರಾಮ' ಎನ್ನುತ್ತಾನೆ. ನಾನು ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದೇನೆ. ಕಾನೂನು ನಮ್ಮ ಸ್ವಾತಂತ್ರ್ಯವನ್ನು ಕಾಯುತ್ತದೆ ಎಂದು ಪುಸ್ತಕದಲ್ಲಿದೆ. ಯಾವುದು ನಿಜ?

ಉತ್ತರ:

ತಂಗಿ, ಮೊದಲು ಬೇಲಿಯ ಮಾತು. ಉಳಿದದ್ದು ಆಮೇಲೆ. ಬೇಲಿ ಬಿಚ್ಚಬೇಡಿ ಎಂದು ಅಪ್ಪನಿಗೆ ಇವತ್ತೇ ಹೇಳಿ. ಹಾಗೆಯೇ ಬೇಲಿಯನ್ನು ಒಂದು ಗೇಣೂ ಮುಂದೆ ತಳ್ಳಬೇಡಿ. ಹೊಸ ಗಿಡ ನೆಡಬೇಡಿ, ಯಾವ ಮರಕ್ಕೂ ಕತ್ತಿ ಹಾಕಬೇಡಿ. ಇದ್ದದ್ದು ಇದ್ದ ಹಾಗೇ ಇರಲಿ.

ಯಾಕೆ ಅಂದರೆ, 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 4(5) ಒಂದು ವಿಷಯವನ್ನು ಬಿಡಿಸಿ ಹೇಳುತ್ತದೆ. ಹಕ್ಕನ್ನು ಪರಿಶೀಲಿಸಿ ತೀರ್ಮಾನಿಸುವ ಕೆಲಸ ಪೂರ್ತಿ ಮುಗಿಯುವ ತನಕ ಅರಣ್ಯವಾಸಿಯನ್ನು ಅವನು ಅನುಭವಿಸುತ್ತಿರುವ ಜಾಗದಿಂದ ಎಬ್ಬಿಸುವ ಹಾಗಿಲ್ಲ. ಪೂರ್ತಿ ಮುಗಿಯುವುದು ಅಂದರೆ ಯಾವುದೋ ಕಚೇರಿಯ ಮೇಜಿನ ಮೇಲೆ ಅರ್ಜಿ ಬಿದ್ದುಹೋಗುವುದಲ್ಲ. ಗ್ರಾಮ ಸಭೆ ನೋಡಬೇಕು. ಎಸಿ, ಅಂದರೆ ಉಪವಿಭಾಗಾಧಿಕಾರಿಯವರ, ಉಪವಿಭಾಗ ಮಟ್ಟದ ಸಮಿತಿ ನೋಡಬೇಕು. ಡಿಸಿಯವರ ಜಿಲ್ಲಾ ಸಮಿತಿ ನೋಡಬೇಕು. ವಜಾ ಮಾಡುವುದಾದರೆ ಕಾರಣ ಬರೆಯಬೇಕು. ಬರೆದದ್ದನ್ನು ಅರ್ಜಿದಾರನಿಗೇ ಮುಟ್ಟಿಸಬೇಕು. ಅವನಿಗೆ ಮೇಲಿನ ಸಮಿತಿಗೆ ಹೋಗಲು 60 ದಿನದ ಅವಕಾಶ ಇರಬೇಕು. ಅಲ್ಲಿ ವಿಚಾರಣೆಯ ದಿನ ಗೊತ್ತು ಮಾಡಿದರೆ ಕನಿಷ್ಠ 15 ದಿನ ಮೊದಲು ಬರಹದಲ್ಲಿ ತಿಳಿಸಬೇಕು, ಊರಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಲೂಬೇಕು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎಲ್ಲೂ ಒಂದು ಕಾಗದದ ಸುದ್ದಿ ಇಲ್ಲ. ಗಾರ್ಡ್ ಬಂದರು, ಹೇಳಿದರು, ಹೋದರು. ನೋಟಿಸು ಇಲ್ಲ, ಆದೇಶದ ನಂಬರ್ ಇಲ್ಲ, ತಾರೀಕು ಇಲ್ಲ, ಸಹಿ ಇಲ್ಲ. ಕಾನೂನು ಯಾರ ಪರ ಎಂಬ ನಿಮ್ಮ ದೊಡ್ಡ ಪ್ರಶ್ನೆಯನ್ನು ನಾನು ಈ ಇಲ್ಲದ ಕಾಗದದಿಂದಲೇ ಶುರು ಮಾಡುತ್ತೇನೆ.

ಮೂವತ್ತು ವರ್ಷಕ್ಕೂ ಜಾಸ್ತಿ ಶಿರಸಿ, ಕುಮಟಾ, ಕಾರವಾರದ ಕೋರ್ಟುಗಳಲ್ಲಿ ಓಡಾಡಿದ್ದೇನೆ. ಅಧಿಕಾರದಲ್ಲಿರುವವರು ಹೆಚ್ಚಿನ ಕೆಲಸವನ್ನು ಬಾಯಿಮಾತಿನಲ್ಲೇ ಮುಗಿಸಲು ನೋಡುತ್ತಾರೆ. 'ಆಗೋದಿಲ್ಲ', 'ಸಾಹೇಬರು ಒಪ್ಪೋದಿಲ್ಲ', 'ನಾಳೆ ಬನ್ನಿ', 'ಖಾಲಿ ಮಾಡಿ'. ಬಾಯಿಮಾತಿನ ವಿರುದ್ಧ ಯಾವ ಕೋರ್ಟಿಗೆ ಹೋಗುತ್ತೀರಿ? 'ನಾನು ಹಾಗೆ ಹೇಳಲೇ ಇಲ್ಲ' ಅಂದುಬಿಟ್ಟರೆ ಮುಗಿಯಿತು. ಹೇಳಿದವರಿಗೆ ಹೊಣೆ ಇಲ್ಲ, ಕೇಳಿದವರಿಗೆ ನಿದ್ದೆ ಇಲ್ಲ. ಅದೇ ಮಾತನ್ನು ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಡಬೇಕಾಗಿ ಬಂದಾಗ ಹೇಳುವವರೂ ಒಂದು ಗಳಿಗೆ ನಿಲ್ಲುತ್ತಾರೆ. ಇದಕ್ಕೆ ನನಗೆ ಅಧಿಕಾರ ಇದೆಯಾ, ಯಾವ ಕಾಯ್ದೆಯ ಯಾವ ಕಲಂ ಎಂದು ನೋಡಿಕೊಳ್ಳುತ್ತಾರೆ. ಆ ಒಂದು ಗಳಿಗೆಯ ನಿಲುಗಡೆ ಇದೆಯಲ್ಲ, ನಮ್ಮಂಥವರ ಸ್ವಾತಂತ್ರ್ಯ ಹೆಚ್ಚಾಗಿ ಅಲ್ಲೇ ಇರುತ್ತದೆ.

ನಮ್ಮ ಕಚೇರಿಗಳಲ್ಲಿ ಇದಕ್ಕೆ ಒಂದು ಒಳ್ಳೆಯ ಕನ್ನಡ ಪದ ಇದೆ: ಹಿಂಬರಹ. ನೀವು ಕೊಟ್ಟ ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ. ಆಗುತ್ತದೆ, ಇಲ್ಲವಾದರೆ ಇಂಥ ಕಾರಣಕ್ಕೆ ಆಗುವುದಿಲ್ಲ.

ಬಹಳ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಿದ್ದರು. ಗಂಡ ತೀರಿಕೊಂಡಿದ್ದರು. ಮನೆಗೆ ನಂಬರ್ ಕೇಳಿ ಒಂದು ಕಚೇರಿಗೆ ಹನ್ನೊಂದು ಸಲ ಹೋಗಿದ್ದರು. ಹನ್ನೊಂದು ಸಲವೂ 'ನಾಳೆ ಬಾರಮ್ಮ'. ಬಸ್ಸಿನ ಟಿಕೆಟ್ಟುಗಳನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದರು. ನಾನು ಕೇಸು ಹಾಕಲಿಲ್ಲ. ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದುಕೊಟ್ಟೆ. 'ಇಂಥ ತಾರೀಕಿನ ನನ್ನ ಅರ್ಜಿಗೆ ಮನೆ ನಂಬರ್ ಕೊಡಬೇಕು. ಕೊಡಲು ಬರುವುದಿಲ್ಲವಾದರೆ ಕಾರಣ ತಿಳಿಸಿ ಹಿಂಬರಹ ಕೊಡಬೇಕು.' ಎರಡು ಪ್ರತಿ ಮಾಡಿಸಿ, ಒಂದನ್ನು ಟಪಾಲಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ ಎಂದೆ. ನಾಲ್ಕೇ ದಿನಕ್ಕೆ ನಂಬರ್ ಬಂತು. ಬರೆಯೋಣ ಎಂದರೆ ಅವರ ಹತ್ತಿರ ಕಾರಣವೇ ಇರಲಿಲ್ಲ.

ಇದರ ಹಿಂದೆ ಗಟ್ಟಿಯಾದ ಕಾನೂನು ಇದೆ. ಮೊಹಿಂದರ್ ಸಿಂಗ್ ಗಿಲ್ ಅವರ ಚುನಾವಣಾ ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಅಧಿಕಾರಿಯ ಆದೇಶ ಸರಿಯೋ ತಪ್ಪೋ ಎಂದು ಅಳೆಯುವುದು ಆ ಆದೇಶದಲ್ಲಿ ಬರೆದ ಕಾರಣಗಳಿಂದಲೇ. ಆಮೇಲೆ ಕೋರ್ಟಿಗೆ ಬಂದು ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸುವ ಹಾಗಿಲ್ಲ. ಇದರ ಬೆಲೆ ಏನು ಎಂದು ಯೋಚಿಸಿ ನೋಡಿ. ಒಮ್ಮೆ ಬರೆದ ಮೇಲೆ ಬರೆದವರೂ ಆ ಕಾರಣಕ್ಕೆ ಕಟ್ಟುಬೀಳುತ್ತಾರೆ. ಅಣ್ಣ ಹೇಳುವ ಹಗ್ಗ ಇದೆಯಲ್ಲ, ಅದಕ್ಕೆ ಎರಡು ತುದಿ. ಒಂದು ನಮ್ಮ ಕಾಲಿಗಿದ್ದರೆ ಇನ್ನೊಂದು ಅವರ ಕೈಗೆ. ಆ ಎರಡನೇ ತುದಿ ಸಡಿಲ ಬಿಟ್ಟಾಗ ಮಾತ್ರ ಅಣ್ಣನ ಮಾತು ಪೂರ್ತಿ ನಿಜ.

ಬಂಧನದ ವಿಷಯದಲ್ಲೂ ಹೀಗೆಯೇ. ಕಾನೂನಿನ ಕ್ರಮ ಬಿಟ್ಟು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವ ಹಾಗಿಲ್ಲ ಎನ್ನುತ್ತದೆ ಸಂವಿಧಾನದ 21ನೇ ವಿಧಿ. ಕ್ರಮ ಅಂದರೆ ಏನು? ಸರ್ಕಾರ ಬರೆದದ್ದೆಲ್ಲ ಕ್ರಮವೇ? 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಕೋರ್ಟ್ ಹೆಚ್ಚುಕಡಿಮೆ ಹೌದು ಎಂದಿತ್ತು. 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ಅದು ಬದಲಾಯಿತು. ಆ ಕ್ರಮವೂ ನ್ಯಾಯವಾಗಿರಬೇಕು, ಮನಬಂದ ಹಾಗೆ ಇರಬಾರದು ಎಂದಾಯಿತು. ಯಾಕೆ ಹಿಡಿದಿದ್ದೇವೆ ಎಂದು ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು 22ನೇ ವಿಧಿಯಲ್ಲಿ ಮೊದಲಿನಿಂದಲೂ ಇತ್ತು. 2023ರಲ್ಲಿ, ಹಣದ ಅಕ್ರಮ ವರ್ಗಾವಣೆ ಕಾಯ್ದೆಯಡಿ ಬಂಧಿಸಿದ್ದ ಪ್ರಕರಣದಲ್ಲಿ, ಆ ಕಾರಣವನ್ನು ಓದಿ ಹೇಳಿದರೆ ಸಾಲದು, ಬರಹದಲ್ಲೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಬೇಲಿಗೂ ಆ ಬಂಧನಕ್ಕೂ ನಂಟು ಇರುವುದು ಇಲ್ಲಿ.

ಇಷ್ಟು ಹೇಳಿದರೆ ಅಣ್ಣ ಒಪ್ಪುವುದಿಲ್ಲ, ಗೊತ್ತು. 'ಬರೆಯುವವರೂ ಅವರೇ ಅಲ್ವಾ?' ಎನ್ನುತ್ತಾನೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಜಿಲ್ಲೆಯವರಂತೂ ತಳ್ಳಿಹಾಕಬಾರದು.

ಬ್ರಿಟಿಷರು ನಮ್ಮ ಕಾಡನ್ನು ಕಿತ್ತುಕೊಂಡದ್ದು ಕತ್ತಿ ಹಿಡಿದು ಅಲ್ಲ, ಮಸಿ ಹಿಡಿದು. 1878ರ ಅರಣ್ಯ ಕಾಯ್ದೆ, ಆಮೇಲೆ 1927ರದ್ದು. ಅಜ್ಜಂದಿರು ಸೊಪ್ಪು ತರುತ್ತಿದ್ದ, ದನ ಬಿಡುತ್ತಿದ್ದ, ಕಟ್ಟಿಗೆ ಆಯುತ್ತಿದ್ದ ಬೆಟ್ಟಕ್ಕೆ ಒಂದು ಗೆರೆ ಎಳೆದರು. ಗೆರೆಯ ಒಳಗೆ ಕಾಲಿಟ್ಟರೆ ಅಪರಾಧ. ಎಲ್ಲವೂ ಗೆಜೆಟ್ಟಿನಲ್ಲಿ ಅಚ್ಚಾಗಿಯೇ ಬಂತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಜನ ಉಪ್ಪು ಮಾಡಿ ಕಾನೂನು ಮುರಿದರು. ಶಿರಸಿ, ಸಿದ್ದಾಪುರದ ಕಡೆ ಅರಣ್ಯ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಬಂದದ್ದು ಕರನಿರಾಕರಣೆ. ತೀರ್ವೆ ಕೊಡುವುದಿಲ್ಲ ಎಂದು ಅಂಕೋಲಾ, ಸಿದ್ದಾಪುರ ಸೀಮೆಯ ರೈತರು ಕೂತುಬಿಟ್ಟರು.

ಆಗ ಸರ್ಕಾರ ಏನು ಮಾಡಿತು? ಕಾಯ್ದೆಯನ್ನೇ ಬಳಸಿತು. ಜಮೀನು, ದನಕರು, ಮನೆಯ ಪಾತ್ರೆ ಜಪ್ತಿ. ಆಮೇಲೆ ಲಿಲಾವು. ಕಾಗದದ ಲೆಕ್ಕದಲ್ಲಿ ಎಲ್ಲ ಸರಿ ಇತ್ತು, ತಂಗಿ. ಮನೆಯವರು ಬೀದಿಗೆ ಬಿದ್ದರು. ಸಿದ್ದಾಪುರದ ಕಡೆ ಹೆಂಗಸರು ಜಪ್ತಿ ಮಾಲು ಕೊಂಡವರ ಮನೆಯ ಮುಂದೆ ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ನೆನಪಿನ ಸ್ಮಾರಕ ಇದೆ. ಜೋಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿ, ಸಾಧ್ಯವಾದರೆ ಇಳಿದು ನೋಡಿ. ನಾನು ಹೋದಾಗಲೆಲ್ಲ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾನೂನಿನ ಪುಸ್ತಕದಲ್ಲಿ ಆ ಹೆಂಗಸರ ಪರವಾಗಿ ಒಂದು ಸಾಲೂ ಇರಲಿಲ್ಲ. ಆದರೂ ಕೂತರು.

1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಆಗ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತು. ಜಪ್ತಿಯಾದ ಜಮೀನುಗಳನ್ನು ವಾಪಸು ಕೊಡಿಸಲು ಆ ಸರ್ಕಾರ ಕಾಯ್ದೆ ಮಾಡಿತು. ಕಾಯ್ದೆಯಿಂದ ಹೋದದ್ದು ಕಾಯ್ದೆಯಿಂದಲೇ ಬಂತು. ನಡುವೆ ಆದದ್ದು ಇಷ್ಟು: ಬರೆಯುವ ಕೈ ಬದಲಾಯಿತು. ಅದು ತಾನಾಗಿ ಬದಲಾಗಲಿಲ್ಲ, ಕೂತವರು ಕೂತದ್ದಕ್ಕೆ ಬದಲಾಯಿತು.

ಗೇಣಿಯ ಕಥೆಯೂ ಹಾಗೇ. 1940ರ ಹೊತ್ತಿಗೆ ದಿನಕರ ದೇಸಾಯಿಯವರು ಅಂಕೋಲೆಯ ಕಡೆ ಗೇಣಿದಾರರನ್ನು ಒಟ್ಟು ಮಾಡಿದರು. ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಆ ಆದೇಶವೂ ಕಾನೂನಿನ ಪ್ರಕಾರವೇ ಇತ್ತು. ಆದರೆ ಅವರು ಎತ್ತಿದ ಮಾತು ನಿಲ್ಲಲಿಲ್ಲ. ಭೂ ಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಆ ದಿನದಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರ ಭೂ ನ್ಯಾಯ ಮಂಡಳಿಯ ಮುಂದೆ ಒಡೆಯನಾಗಬಹುದಿತ್ತು. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳು ಮೇಲೆದ್ದದ್ದು ಆ ಒಂದು ನಮೂನೆಯಿಂದ.

ಇಲ್ಲಿ ನನಗೆ ಇವತ್ತಿಗೂ ನೋವು ಕೊಡುವ ಒಂದು ಸಂಗತಿ ಹೇಳಬೇಕು. ಅರ್ಜಿ ಕೊಡಲು ಕೊನೆಯ ತಾರೀಕು 1979ರ ಜೂನ್ 30 ಆಗಿತ್ತು. ಕೊಡದೇ ಉಳಿದವರೂ ಇದ್ದರು. ಅವರ ಮಕ್ಕಳು, ಮೊಮ್ಮಕ್ಕಳು ನನ್ನ ಹತ್ತಿರ ಬಂದಿದ್ದಾರೆ. 'ಯಾಕೆ ಕೊಡಲಿಲ್ಲ?' ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ. 'ಒಡೇರು ಬೇಡ ಅಂದಿದ್ರು. ನಿಮ್ಮನ್ನು ಬಿಡಿಸೋದಿಲ್ಲ ಅಂತ ಮಾತು ಕೊಟ್ಟಿದ್ರು.' ಆ ಒಡೆಯರು ತೀರಿಕೊಂಡರು. ಮಾತು ಅವರ ಜೊತೆಗೇ ಹೋಯಿತು. ಬಾಯಿಮಾತನ್ನು ನಂಬಿದವರು ಹೊಲ ಬಿಟ್ಟರು. ಕಾನೂನು ಪಕ್ಕದಲ್ಲೇ ಇತ್ತು, ಒಂದು ಹಾಳೆಯಷ್ಟು ದೂರದಲ್ಲಿ.

ಸ್ವತಂತ್ರ ಭಾರತದಲ್ಲೂ ಕಾಗದ ಕೈಕೊಟ್ಟದ್ದಿದೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಜಬಲ್ಪುರ ಪ್ರಕರಣದ ತೀರ್ಪು ಬಂತು. ಕಾರಣವಿಲ್ಲದೆ ಜೈಲಿಗೆ ಹಾಕಿದರೂ ಕೋರ್ಟಿಗೆ ಹೋಗುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿತು. ಐವರಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಕೋರ್ಟ್ ಬಾಯಿಬಿಟ್ಟು ತಳ್ಳಿಹಾಕಲು 2017 ಬರಬೇಕಾಯಿತು. ಅದು ಖಾಸಗಿತನದ ಹಕ್ಕಿನ ತೀರ್ಪು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾಯ್ದೆಗೂ ಮೇಲೆ ಒಂದು ಗೆರೆ ಇದೆ, ಪಾರ್ಲಿಮೆಂಟೂ ಅದನ್ನು ದಾಟುವ ಹಾಗಿಲ್ಲ ಎಂದು 1973ರ ಏಪ್ರಿಲ್ 24ರಂದು ಹೇಳಿಸಿಕೊಂಡದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣ. 13 ನ್ಯಾಯಾಧೀಶರಲ್ಲಿ ಆ ಕಡೆ ಏಳು, ಈ ಕಡೆ ಆರು. ನಿಮ್ಮ ಪಠ್ಯದಲ್ಲಿ ಇವೆಲ್ಲ ಬರುತ್ತವೆ, ಇಲ್ಲಿ ಬೆಳೆಸುವುದಿಲ್ಲ. ಏಳು ಮತ್ತು ಆರು ಎಂಬ ಆ ಲೆಕ್ಕವನ್ನು ಮಾತ್ರ ನೆನಪಿಡಿ. ಅಷ್ಟು ತೆಳ್ಳಗಿತ್ತು.

ಈಗ ಅಣ್ಣನ ಇನ್ನೊಂದು ಮಾತು. ಕಾನೂನು ಇಲ್ಲದಿದ್ದರೇ ಆರಾಮ ಎನ್ನುವುದು. ಅವನು ಕಡಲಿಗೆ ಹೋಗುವವನು, ಹಾಗಾಗಿ ಕಡಲಿನದ್ದೇ ಹೇಳುತ್ತೇನೆ.

ನನ್ನ ಅಜ್ಜನ ಮನೆ ಕಾರವಾರದ ಹತ್ತಿರ ಸಮುದ್ರದ ದಂಡೆಯಲ್ಲಿತ್ತು. ರಜೆಗೆ ಹೋದಾಗ ರಂಪಣಿ ಎಳೆಯುವುದನ್ನು ನೋಡಿದ್ದೇನೆ, ಎಳೆದಿದ್ದೇನೆ. ರಂಪಣಿ ಅಂದರೆ ದಡದಿಂದ ಎಳೆಯುವ ಭಾರೀ ಬಲೆ. ದೋಣಿಯಲ್ಲಿ ಹೋಗಿ ನೀರಲ್ಲಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ. ಎರಡು ಕಡೆಯ ಹಗ್ಗಕ್ಕೆ ಊರೇ ಕೈ ಹಚ್ಚುತ್ತದೆ. ಮರಳಲ್ಲಿ ಹಿಮ್ಮಡಿ ಊರಿ, ಒಂದೇ ಲಯದಲ್ಲಿ ಹಿಂದೆ ಹಿಂದೆ ಹೆಜ್ಜೆ. ಬಲೆ ಹತ್ತಿರ ಬಂದಾಗ ನೀರು ಕುದಿಯುವ ಹಾಗೆ ಬಂಗಡೆ ಹಾರುತ್ತಿದ್ದವು. ಆಮೇಲೆ ಪಾಲು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು. ಹಗ್ಗ ಮುಟ್ಟಿದ ನನ್ನಂಥ ಹುಡುಗನ ಮುಂದೆಯೂ ನಾಲ್ಕು ಬಂಗಡೆ ಬಂದು ಬೀಳುತ್ತಿದ್ದವು. ಒಬ್ಬ ವಯಸ್ಸಾದ ಹೆಂಗಸು ಎಳೆಯಲು ಆಗದೆ ಸುಮ್ನೆ ಹಗ್ಗ ಹಿಡಿದು ನಿಂತಿರುತ್ತಿದ್ದರು. ಅವರಿಗೂ ಪಾಲು. ಯಾರೂ ಬರೆದಿಡದ ಕಟ್ಟಳೆ ಅದು. ಮುರಿದವರಿಗೆ ಮರುದಿನ ಹಗ್ಗದಲ್ಲಿ ಜಾಗ ಇರುತ್ತಿರಲಿಲ್ಲ.

1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಸುತ್ತುವರಿದು ಎತ್ತಿಬಿಡುತ್ತಿದ್ದವು. ಅದನ್ನು ತಡೆಯುವ ಕಾಯ್ದೆ ಆಗ ಇರಲಿಲ್ಲ. ಅಣ್ಣ ಹೇಳುವ ಆರಾಮ ಪೂರ್ತಿ ಇತ್ತು. ಯಾರು ಬೇಕಾದರೂ ಪರ್ಸೀನ್ ಬೋಟು ಹಾಕಬಹುದಿತ್ತು, ದುಡ್ಡಿದ್ದರೆ. ಕೆಲವೇ ವರ್ಷದಲ್ಲಿ ರಂಪಣಿಗಳು ಒಂದೊಂದಾಗಿ ದಡ ಹತ್ತಿದವು. ಕಡಲಲ್ಲಿ ಜಗಳ, ದಡದಲ್ಲಿ ಜಗಳ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಯಾರು ಎಲ್ಲಿ, ಯಾವ ಬಲೆಯಲ್ಲಿ, ಯಾವಾಗ ಹಿಡಿಯಬಹುದು ಎಂದು ಹೇಳುವ ಅಧಿಕಾರ ಸರ್ಕಾರಕ್ಕೆ ಬಂತು. ಆದರೆ ನನ್ನ ಅಜ್ಜನ ಮನೆಯ ದಂಡೆಯಲ್ಲಿ ಅಷ್ಟು ಹೊತ್ತಿಗೆ ಪಾಲು ಹಾಕುವ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಈಗ ಅಲ್ಲಿ ಇಲ್ಲಿ ಏಂಡಿ ಎಂಬ ದಡದ ಸಣ್ಣ ಬಲೆ ಎಳೆಯುವುದನ್ನು ಕಂಡರೆ ಗಾಡಿ ನಿಲ್ಲಿಸುತ್ತೇನೆ.

ಅಣ್ಣನನ್ನು ಒಂದು ಪ್ರಶ್ನೆ ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯಬಾರದು ಎಂಬ ನಿಯಮ ತೆಗೆದುಬಿಟ್ಟರೆ ಏನಾಗುತ್ತದೆ? ಮೀನು ಮೊಟ್ಟೆ ಇಡುವ ಹೊತ್ತಲ್ಲೇ ಎಲ್ಲ ಬಾಚಿಕೊಂಡು ಹೋಗುವವರು ಯಾರು? ಅವನೋ, ಇಪ್ಪತ್ತು ಬೋಟು ಇಟ್ಟ ಧಣಿಯೋ? ಬೆಳಕು ಹಾಕಿ ಮೀನು ಹಿಡಿಯುವುದನ್ನು ನಿಲ್ಲಿಸಿ ಎಂದು ಬೀದಿಗೆ ಇಳಿಯುತ್ತಿರುವವರು ಸಣ್ಣ ನಾಡದೋಣಿಯವರೇ. ಅವರು ಕೇಳುತ್ತಿರುವುದು ಕಾನೂನನ್ನು. ಇದ್ದ ನಿಯಮವನ್ನು ಜಾರಿ ಮಾಡಿ ಎಂದು ಕೇಳುತ್ತಿದ್ದಾರೆ. ಕಾನೂನು ಹೋದ ಕಡೆ ಅಧಿಕಾರ ಹೋಗುವುದಿಲ್ಲ. ಅದು ದುಡ್ಡಿದ್ದವರ ಕೈಗೆ, ತೋಳಿದ್ದವರ ಕೈಗೆ ಜಾರುತ್ತದೆ. ಹಿಂಬರಹ ಕೇಳಲು ಅಲ್ಲಿ ಕಚೇರಿಯೂ ಇರುವುದಿಲ್ಲ.

ಕಾಡಿನದ್ದೂ ಇದೇ ಮಾತು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿ ಕಡೆಯ ಜನ ಮರಗಳನ್ನು ಅಪ್ಪಿಕೊಂಡರು. ಅವತ್ತು ಮರ ಕಡಿಯುತ್ತಿದ್ದವರು ಕಳ್ಳರಲ್ಲ, ಇಲಾಖೆಯ ಒಪ್ಪಿಗೆ ಇದ್ದವರು. ಜನರಿಗೆ ಕಾಡು ಬೇಕಿತ್ತು. ನಿಮಗೂ ಬೇಕು, ನನಗೂ ಬೇಕು. ಹೊಸದಾಗಿ ಕಾಡು ಕಡಿದು ಬೇಲಿ ಹಾಕುವವರಿಗೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜಾಗವಿಲ್ಲ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಇದ್ದ ಅನುಭೋಗಕ್ಕೆ ಮಾತ್ರ ಅದು ಅನ್ವಯ. ಆ ಗೆರೆ ಸರಿಯಾಗಿಯೇ ಇದೆ ಎಂದು ನಾನು ನಂಬುತ್ತೇನೆ.

ಕಾನೂನು ಎಲ್ಲರಿಗೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಇದನ್ನೂ ಮುಚ್ಚಿಡುವುದಿಲ್ಲ. ಕಾರವಾರದ ನೌಕಾನೆಲೆಗೆ ಜಮೀನು ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ಹೆಚ್ಚಿನ ಪರಿಹಾರಕ್ಕಾಗಿ ದಶಕಗಟ್ಟಲೆ ಕಾದವು. ಅರ್ಜಿ ಹಾಕಿದ ತಂದೆ ಹೋಗಿ, ಮಗ ಬಂದು ಸಹಿ ಮಾಡಿದ ಕಡತಗಳನ್ನು ಕಣ್ಣಾರೆ ನೋಡಿದ್ದೇನೆ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬರುವ ತನಕ ನಮ್ಮವರು ಒಂದು ರಿಟ್ ಅರ್ಜಿಗೂ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಈಗ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಇದು ಸಣ್ಣ ಅನುಕೂಲ ಅಲ್ಲ, ತಂಗಿ. ಬಡವನಿಗೆ ಕೋರ್ಟಿನ ದೂರವೂ ಕಾನೂನಿನ ಒಂದು ಭಾಗವೇ.

ಇನ್ನು ನಿಮ್ಮ ಜಾಗಕ್ಕೆ ಬರೋಣ. ನೀವು ಪರಿಶಿಷ್ಟ ಪಂಗಡದವರೋ ಅಲ್ಲವೋ ಬರೆದಿಲ್ಲ. ಅಲ್ಲವಾದರೆ ಕಾಯ್ದೆ ನಿಮ್ಮನ್ನು 'ಇತರ ಪಾರಂಪರಿಕ ಅರಣ್ಯವಾಸಿ' ಎಂದು ಕರೆಯುತ್ತದೆ. ಆಗ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸವಿದ್ದು ಅದನ್ನು ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ಬೇಕು. ನಮ್ಮ ಜಿಲ್ಲೆಯಲ್ಲಿ ಅರ್ಜಿಗಳು ಹೆಚ್ಚಾಗಿ ಬೀಳುವುದು ಇಲ್ಲೇ. 2005ರಿಂದ 75 ವರ್ಷ ಹಿಂದೆ ಅಂದರೆ 1930. ಅಂಕೋಲೆಯಲ್ಲಿ ಉಪ್ಪು ಮಾಡಿದ ವರ್ಷ. ಆ ವರ್ಷದ ಪಹಣಿ ತನ್ನಿ ಎಂದರೆ ಕೂಲಿ ಮಾಡಿ ಬದುಕಿದವರು ಎಲ್ಲಿಂದ ತರುತ್ತಾರೆ?

ಕಾಯ್ದೆ ಹಾಗೆ ಕೇಳುವುದೂ ಇಲ್ಲ. ಚೆನ್ನಾಗಿ ಗಮನಿಸಿ. 75 ವರ್ಷದ ಮಾತು ಇರುವುದು ಅರಣ್ಯವಾಸಕ್ಕೆ. ನಿಮ್ಮ ಈ ಎರಡು ಎಕರೆಗೆ ಬೇಕಾದದ್ದು 2005ರ ಡಿಸೆಂಬರ್ 13ಕ್ಕೆ ಮೊದಲಿನ ಅನುಭೋಗ. ಸಾಕ್ಷ್ಯ ಯಾವುದೆಲ್ಲ ಆಗಬಹುದು ಎಂದು ನಿಯಮ 13 ಉದ್ದಕ್ಕೆ ಹೇಳುತ್ತದೆ. ಗೆಜೆಟಿಯರ್, ಜನಗಣತಿ, ಸರ್ವೆ ನಕ್ಷೆ, ಅರಣ್ಯ ಇಲಾಖೆಯ ದಾಖಲೆ, ಮತದಾರರ ಚೀಟಿ, ರೇಷನ್ ಕಾರ್ಡು, ಮನೆ ತೆರಿಗೆ ರಸೀದಿ, ಕೋರ್ಟಿನ ಕಾಗದ. ಇವಲ್ಲದೆ ಹಳೆಯ ಬಾವಿ, ಮನೆಯ ಅಡಿಪಾಯ, ಸುಡುಗಾಡು, ದೇವರ ಬನ. ಊರಿನ ಹಿರಿಯರು ಹೇಳಿ ಬರೆಸಿದ ಹೇಳಿಕೆ, ಆದರೆ ಅರ್ಜಿದಾರನದ್ದಲ್ಲ, ಬೇರೆಯವರದ್ದು. ಇಂಥವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಬೇಕು. 2012ರ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇದೆ. ಉಪಗ್ರಹ ಚಿತ್ರ ಈ ಸಾಕ್ಷ್ಯಗಳಿಗೆ ಪೂರಕವಾಗಿ ಬರಬಹುದು, ಇವುಗಳ ಜಾಗಕ್ಕೆ ಬರುವ ಹಾಗಿಲ್ಲ. 'ಫೋಟೋದಲ್ಲಿ ಕಾಡು ಕಾಣ್ತದೆ' ಎಂದು ಹೇಳಿ ಅರ್ಜಿ ಬೀಳಿಸಲು ಬರುವುದಿಲ್ಲ.

ಸಿದ್ದಾಪುರ ಕಡೆಯ ಒಬ್ಬ ಅಜ್ಜಿ ಒಮ್ಮೆ ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. 'ನಮ್ಮ ಹತ್ರ ಎಂಥ ಕಾಗದವೂ ಇಲ್ಲೆ, ಇವು ಬರೀ ದಂಡ ಕಟ್ಟಿದ ಚೀಟಿಗಳು' ಎಂದು ನಾಚಿಕೆಯಿಂದ ಮೇಜಿನ ಮೇಲೆ ಸುರಿದರು. ಅರಣ್ಯ ಜಾಗದಲ್ಲಿ ಸಾಗುವಳಿ ಮಾಡಿದ್ದಕ್ಕೆ ಅವರ ಗಂಡ ವರ್ಷವರ್ಷ ಕಟ್ಟಿದ ದಂಡದ ರಸೀದಿಗಳು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಒಂದರ ಮೇಲೆ ಎಲೆ ಅಡಿಕೆಯ ಕಲೆ. ಪ್ರತಿಯೊಂದರಲ್ಲೂ ಹೆಸರು, ಊರು, ತಾರೀಕು, ಸಹಿ. ನಾನು ಅವನ್ನು ಒಂದೊಂದಾಗಿ ಬಿಡಿಸಿ ತಾರೀಕಿನ ಪ್ರಕಾರ ಜೋಡಿಸಿದೆ. ಆ ಜಾಗದಲ್ಲಿ ಆ ಮನುಷ್ಯ ಇದ್ದ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಏನು ಬೇಕು? ಅವರನ್ನು ಎಬ್ಬಿಸಬೇಕೆಂದವರೇ ಬರೆದು ಕೊಟ್ಟ ಕಾಗದ ಅದು. ಅಜ್ಜಿಗೆ ವಿವರಿಸಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೊಂದು ರಸೀದಿಯನ್ನೂ ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು. ನಿಮ್ಮ ಮನೆಯ ಅಟ್ಟದ ಮೇಲೆ, ದೇವರ ಗೂಡಿನ ಹಿಂದೆ, ಅಜ್ಜನ ಟ್ರಂಕಿನ ತಳದಲ್ಲಿ ಹುಡುಕಿ. ಹಳೆಯ ಸಮನ್ಸ್, ದಂಡದ ಚೀಟಿ, ಶಾಲೆಯ ದಾಖಲೆ, ಏನಿದ್ದರೂ ಎಸೆಯಬೇಡಿ.

2019ರ ಫೆಬ್ರವರಿ 13ರಂದು, ಅರ್ಜಿ ವಜಾ ಆದವರನ್ನು ಎಬ್ಬಿಸಿ ಎಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತ್ತು. ಅದೇ ತಿಂಗಳ 28ಕ್ಕೆ ತನ್ನ ಆದೇಶವನ್ನೇ ತಡೆಹಿಡಿಯಿತು. ವಜಾ ಮಾಡುವಾಗ ಕ್ರಮ ಪಾಲಿಸಿದ್ದೀರಾ, ಹೇಗೆ ಪಾಲಿಸಿದ್ದೀರಿ ಎಂದು ರಾಜ್ಯಗಳನ್ನು ಕೇಳಿತು. ದೇಶದ ಲಕ್ಷಾಂತರ ಮನೆಗಳು ಆವತ್ತು ನಿಂತದ್ದು ಆ ಒಂದು ಪ್ರಶ್ನೆಯ ಮೇಲೆ. ಆ ಪ್ರಶ್ನೆಯನ್ನೇ ನೀವು ನಿಮ್ಮ ಊರಲ್ಲಿ ಕೇಳಬೇಕು.

ಹಾಗಾಗಿ ನಾಳೆ ಹೀಗೆ ಮಾಡಿ. ಎಸಿಯವರ ಕಚೇರಿಗೆ ಒಂದು ಅರ್ಜಿ ಬರೆಯಿರಿ. ನಿಮ್ಮ ಅರಣ್ಯ ಹಕ್ಕು ಅರ್ಜಿಯ ನಂಬರ್, ತಾರೀಕು ಹಾಕಿ. 'ನನ್ನ ಅರ್ಜಿ ವಜಾ ಆಗಿದೆ ಎಂದು ಇಂಥ ದಿನ ಬಾಯಿಮಾತಿನಲ್ಲಿ ತಿಳಿಸಿದ್ದಾರೆ. ಯಾವ ತೀರ್ಮಾನವೂ ನನಗೆ ಬರಹದಲ್ಲಿ ಮುಟ್ಟಿಲ್ಲ. ವಜಾ ಆಗಿದ್ದರೆ ಯಾವ ಸಮಿತಿ, ಯಾವ ಸಭೆಯಲ್ಲಿ, ಯಾವ ಕಾರಣಕ್ಕೆ ಎಂದು ದೃಢೀಕೃತ ಪ್ರತಿ ಕೊಡಬೇಕು. ಆಗಿಲ್ಲದಿದ್ದರೆ ಹಾಗೆಂದು ಹಿಂಬರಹ ಕೊಡಬೇಕು.' ಅಪ್ಪನ ಸಹಿ ಇರಲಿ. ಇದರದೇ ಪ್ರತಿ ಅರಣ್ಯ ಇಲಾಖೆಯ ವಲಯ ಕಚೇರಿಗೆ, ಇನ್ನೊಂದು ನಿಮ್ಮ ಗ್ರಾಮ ಅರಣ್ಯ ಹಕ್ಕು ಸಮಿತಿಗೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕಡತದ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಗಾರ್ಡ್ ಮತ್ತೆ ಬಂದರೆ ಜಗಳ ಬೇಡ. ಅವರೂ ಮೇಲಿನವರು ಹೇಳಿದ್ದನ್ನು ಹೊತ್ತು ತಂದವರು. ಕೂರಿಸಿ, ನೀರು ಕೊಡಿ. 'ನೋಟಿಸು ಇದ್ದರೆ ಕೊಡಿ ಸರ್, ಸಹಿ ಮಾಡಿ ತಗೊಳ್ತೇವೆ' ಎಂದು ಹೇಳಿ. ನೋಟಿಸು ಕೊಟ್ಟರೆ ಬೇಡ ಎನ್ನಬೇಡಿ. ತಗೊಂಡು, ಸಿಕ್ಕ ತಾರೀಕನ್ನು ಅದರ ಮೇಲೆಯೇ ಬರೆದಿಡಿ. 60 ದಿನದ ಲೆಕ್ಕಕ್ಕೆ ಅದು ಬೇಕಾಗುತ್ತದೆ.

ವಕೀಲರಿಗೆ ದುಡ್ಡಿಲ್ಲ ಎಂದು ಕೈಚೆಲ್ಲಬೇಡಿ. ಕುಮಟಾ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವು ಸಿಗುತ್ತದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ. ಅಮ್ಮನ ಹೆಸರಲ್ಲೇ ಹೋಗಬಹುದು. ಸಹಾಯವಾಣಿ 15100.

ಹಿಂಬರಹ ಬಂದ ದಿನ ಅದರ ಜೆರಾಕ್ಸ್ ನನಗೆ ಕಳುಹಿಸಿ. ಏನು ಬರೆದಿದ್ದಾರೆ ನೋಡಿ, ಮುಂದಿನದನ್ನು ಬರೆಯೋಣ. ತಿಂಗಳಾದರೂ ಬರಲಿಲ್ಲವಾದರೆ ಸೀಲು ಹಾಕಿಸಿಕೊಂಡ ನಿಮ್ಮ ಪ್ರತಿ ಇದೆಯಲ್ಲ, ಅದನ್ನು ತೆಗೆದುಕೊಂಡು ಬನ್ನಿ.